ಸಪೋರ್ಟ್ ಇಲ್ಲದ ಕಂಪ್ಯೂಟರಿಗೆ ಓಎಸ್ ಹಾಕುವ ಮುನ್ನ: ಕಾನೂನಿನ ಕಡೆಯಿಂದ ಸಮಗ್ರ ಮಾರ್ಗದರ್ಶಿ

ಏಳನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪಿಗೆ ವಿಂಡೋಸ್ 11, 2015ರ ಮ್ಯಾಕ್‌ಬುಕ್ಕಿಗೆ ಮ್ಯಾಕ್‌ಓಎಸ್ ಸಿಕೋಯಾ, ಅಸೆಂಬಲ್ ಮಾಡಿಸಿದ ಪಿಸಿಗೆ ಮ್ಯಾಕ್‌ಓಎಸ್. ಈ ಮೂರನ್ನೂ ಜನ ‘ಸಪೋರ್ಟ್ ಇಲ್ಲದ ಹಾರ್ಡ್‌ವೇರ್’ ಅಂತ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಕಾನೂನಿನ ಲೆಕ್ಕದಲ್ಲಿ ಮೂರೂ ಬೇರೆ ಬೇರೆ. ಮೊದಲನೆಯದರಲ್ಲಿ ಕಂಪನಿ ಹೇಳುವುದು ‘ಕೆಟ್ಟರೆ ನಮ್ಮನ್ನು ಕೇಳಬೇಡಿ’ ಎಂದು. ಕೊನೆಯದರಲ್ಲಿ ಹೇಳುವುದು ‘ಹಾಕಲೇಬೇಡಿ’ ಎಂದು. ನಡುವಿನದು ಎರಡಕ್ಕೂ ಅಷ್ಟಷ್ಟು ಸೇರುತ್ತದೆ. ನಿಮ್ಮದು ಯಾವುದು ಎಂದು ಗೊತ್ತಾಗಲು ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ನೋಡಿ. ಪೆನ್‌ಡ್ರೈವ್ ತಯಾರಿ ಆಮೇಲಿನ ಮಾತು.

ಹೆಜ್ಜೆ 1: ನಿಜವಾಗಿ ಸಪೋರ್ಟ್ ಇಲ್ಲವೇ?

ವಿಂಡೋಸ್ 11ರ ಮುಖ್ಯ ಷರತ್ತುಗಳು ಇಷ್ಟು: ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್‌ಗೆ (ನಂಬಿಕಸ್ಥ ಓಎಸ್ ಮಾತ್ರ ಶುರುವಾಗಲು ಬಿಡುವ ರಕ್ಷಣೆ) ಒಗ್ಗುವ ಯುಇಎಫ್‌ಐ (ಯಂತ್ರವನ್ನು ಶುರುಮಾಡುವ ಹೊಸ ಮಾದರಿಯ ತಂತ್ರಾಂಶ), 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲೆ, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಮೇಲೆ.

‘ಈ ಪಿಸಿಗೆ ಆಗುವುದಿಲ್ಲ’ ಎಂಬ ಸಂದೇಶ ಬಂದ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಆಫ್ ಆಗಿರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಟಿಪಿಎಂ ಡಾಟ್ ಎಂಎಸ್‌ಸಿ’ (tpm.msc) ಎಂದು ಟೈಪ್ ಮಾಡಿ. ಸ್ಪೆಸಿಫಿಕೇಶನ್ ವರ್ಷನ್ ಎಂಬಲ್ಲಿ 2.0 ಇದ್ದರೆ ಸರಿ. ಟಿಪಿಎಂ ಸಿಗಲಿಲ್ಲ ಎಂದರೆ ಬಯೋಸ್‌ಗೆ ಹೋಗಿ ಹುಡುಕಿ. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಮುಟ್ಟುವ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯೇ ನೋಡಿ, ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಟಿಪಿಎಂ ಬದಲಾದ ಕೂಡಲೇ ಬಿಟ್‌ಲಾಕರ್ ಆ 48 ಅಂಕಿಯ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವ ಫೋಟೋ, ದಾಖಲೆ ಎಲ್ಲವೂ ಹೋದವೆಂದೇ ತಿಳಿಯಿರಿ.

ಡಿಸ್ಕ್ ಹಳೆಯ ಎಂಬಿಆರ್ ಮಾದರಿಯಲ್ಲಿದ್ದರೆ (ಯುಇಎಫ್‌ಐಗೆ ಜಿಪಿಟಿ ಎಂಬ ಹೊಸ ಮಾದರಿ ಬೇಕು) ವಿಂಡೋಸ್ 10ರಲ್ಲೇ ಬರುವ ‘ಎಂಬಿಆರ್ ಟು ಜಿಪಿಟಿ’ (mbr2gpt) ಸಾಧನ ಅದನ್ನು ಬದಲಾಯಿಸುತ್ತದೆ. ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಬದಲಾವಣೆ ಮುಗಿದ ಮೇಲೆ ಬಯೋಸ್‌ನಲ್ಲಿ ಲೆಗಸಿ ಬೂಟ್ ತೆಗೆದು ಯುಇಎಫ್‌ಐ ಮಾಡಬೇಕು, ಇಲ್ಲದಿದ್ದರೆ ಯಂತ್ರ ಬೂಟ್ ಆಗುವುದಿಲ್ಲ.

ಇಷ್ಟರಲ್ಲೇ ಯಂತ್ರ ಪಾಸಾದರೆ, ಹೆಜ್ಜೆ 2ರ ಲೈಸೆನ್ಸ್ ತಪಾಸಣೆ ಬಿಟ್ಟು ನಿಮಗೆ ಈ ಲೇಖನದ ಉಳಿದ ಭಾಗ ಬೇಕಿಲ್ಲ. ಪಾಸಾಗದೆ ಉಳಿಯುವುದು ಥಿಂಕ್‌ಪ್ಯಾಡ್ ಟಿ470ನಂಥವು. ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಇದೆ, ಆದರೆ ಪ್ರೊಸೆಸರ್ 7ನೇ ತಲೆಮಾರಿನದು. ಬೆಂಗಳೂರಿನ ಎಸ್.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಇಂಥವಕ್ಕೆ ಬರವಿಲ್ಲ.

ಹೆಜ್ಜೆ 2: ನಿಮ್ಮ ಲೈಸೆನ್ಸ್ ಯಾವ ಬಗೆಯದು

ಹಾರ್ಡ್‌ವೇರ್ ಬಗ್ಗೆ ತಲೆಕೆಡಿಸಿಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಕಾನೂನಿನ ತೊಂದರೆ ಬಹಳ ಸಲ ಇಲ್ಲಿಂದ ಬರುತ್ತದೆ, ಟಿಪಿಎಂನಿಂದ ಅಲ್ಲ.

ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಲ್‌ಎಂಜಿಆರ್’, ಒಂದು ಸ್ಪೇಸ್, ಸ್ಲ್ಯಾಷ್, ‘ಡಿಎಲ್‌ಐ’ (slmgr /dli) ಎಂದು ಟೈಪ್ ಮಾಡಿ. ಸಣ್ಣ ಪೆಟ್ಟಿಗೆಯೊಂದು ತೆರೆಯುತ್ತದೆ. ಅದರ ಎರಡನೆಯ ಸಾಲಿನ ಕೊನೆಯಲ್ಲಿ ಚಾನೆಲ್ ಹೆಸರಿರುತ್ತದೆ.

‘ಓಇಎಂ’ ಎಂದಿದ್ದರೆ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡದ್ದು. ಯಂತ್ರದ ಜೊತೆ ಮಾರಬಹುದು, ಬೇರೆ ಯಂತ್ರಕ್ಕೆ ಒಯ್ಯುವಂತಿಲ್ಲ. ‘ರಿಟೇಲ್’ ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ‘ವಾಲ್ಯೂಮ್’ ಎಂಬ ಪದ, ಅದರ ಪಕ್ಕ ‘ಕೆಎಂಎಸ್ ಕ್ಲೈಂಟ್’ ಎಂದು ಬಂದರೆ ಅದು ಕಂಪನಿ, ಕಾಲೇಜುಗಳ ಸರ್ವರ್‌ನಿಂದ ಆ್ಯಕ್ಟಿವೇಟ್ ಆಗಬೇಕಾದ ಪ್ರತಿ. ಮನೆಯ ಪಿಸಿಯಲ್ಲಿ ಅದು ಕಂಡರೆ ಯಾರೋ ಆ್ಯಕ್ಟಿವೇಟರ್ ಓಡಿಸಿ ಕೊಟ್ಟಿದ್ದಾರೆ ಎಂದೇ ಲೆಕ್ಕ. ಅದರ ಮೇಲೆ ವಿಂಡೋಸ್ 11 ಹಾಕಿದರೆ ಅದೂ ಪೈರಸಿಯೇ. ಯಂತ್ರ ಎಷ್ಟೇ ಹೊಸದಿದ್ದರೂ ಅಷ್ಟೇ.

ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ‘ಒರಿಜಿನಲ್ ಕೀ’ಗಳ ಹಿಂದೆ ಬಹುತೇಕ ಇಂಥ ವಾಲ್ಯೂಮ್ ಕೀಗಳೇ ಇರುತ್ತವೆ. ಆ್ಯಕ್ಟಿವೇಟ್ ಆಯಿತು ಎಂದರೆ ಲೈಸೆನ್ಸ್ ಸಿಕ್ಕಿತು ಎಂದರ್ಥವಲ್ಲ. ಹಳೆಯ ವಿಂಡೋಸ್ 7, 8ರ ಕೀ ಬಳಸಿ 11 ಆ್ಯಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ. ಸರಿಯಾಗಿ ಆ್ಯಕ್ಟಿವೇಟ್ ಆದ ವಿಂಡೋಸ್ 10 ಇದ್ದರೆ ಅದೇ ಎಡಿಷನ್ನಿನ 11ಕ್ಕೆ ಅದೇ ಲೈಸೆನ್ಸ್ ಸಾಕು: ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ.

ಹೆಜ್ಜೆ 3: ಒಪ್ಪಂದದಲ್ಲಿ ನಾಲ್ಕು ವಾಕ್ಯ ಹುಡುಕಿ

ಪೂರ್ತಿ ಓದಲು ಯಾರಿಗೂ ತಾಳ್ಮೆ ಇರುವುದಿಲ್ಲ, ಬೇಕಾಗಿಯೂ ಇಲ್ಲ. ವಿಂಡೋಸ್‌ನಲ್ಲಿ ‘ವಿನ್‌ವರ್’ (winver) ಎಂದು ಓಡಿಸಿದರೆ ಬರುವ ಕಿಟಕಿಯಲ್ಲೇ ಲೈಸೆನ್ಸ್ ಷರತ್ತುಗಳ ಕೊಂಡಿ ಇದೆ. ಆ್ಯಪಲ್ ತನ್ನ ಎಲ್ಲ ಆವೃತ್ತಿಗಳ ಒಪ್ಪಂದಗಳನ್ನು ತನ್ನ ತಾಣದ ಲೀಗಲ್ ವಿಭಾಗದಲ್ಲಿ ಇಟ್ಟಿದೆ. ಯಾವ ಯಂತ್ರದಲ್ಲಿ ಹಾಕಬಹುದು, ಎಷ್ಟು ಪ್ರತಿ, ಬದಲಾಯಿಸಬಹುದೇ, ಅಡೆತಡೆಗಳನ್ನು ದಾಟಬಹುದೇ ಎಂಬ ನಾಲ್ಕಕ್ಕೆ ಉತ್ತರ ಹುಡುಕಿ.

ವಿಂಡೋಸ್ ಒಪ್ಪಂದದಲ್ಲಿ ‘ಇಂಥ ಪ್ರೊಸೆಸರ್ ಇರುವ ಯಂತ್ರದಲ್ಲಿ ಮಾತ್ರ’ ಎಂಬ ಷರತ್ತಿಲ್ಲ. ಒಂದು ಲೈಸೆನ್ಸಿಗೆ ಒಂದು ಯಂತ್ರ, ಅಷ್ಟೇ. ಆದರೆ ಸಾಫ್ಟ್‌ವೇರಿನ ತಾಂತ್ರಿಕ ನಿರ್ಬಂಧ, ಮಿತಿಗಳನ್ನು ಸುತ್ತಿಬಳಸಿ ದಾಟಬಾರದು ಎಂಬ ವಾಕ್ಯವಿದೆ. ಟಿಪಿಎಂ ತಪಾಸಣೆಯನ್ನು ತಪ್ಪಿಸುವುದು ಇದರಡಿ ಬರುತ್ತದೆಯೇ? ಅಕ್ಷರಶಃ ಓದಿದರೆ ಬರುತ್ತದೆ. ಆದರೆ ಇದೇ ಮೈಕ್ರೋಸಾಫ್ಟ್, ಟಿಪಿಎಂ 1.2 ಇದ್ದ ಯಂತ್ರಗಳಿಗೆ ಅಪ್‌ಗ್ರೇಡ್ ಮಾಡಿಕೊಳ್ಳಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಏನು ಬದಲಿಸಬೇಕೆಂದು ತನ್ನ ಸಪೋರ್ಟ್ ಪುಟದಲ್ಲೇ ವರ್ಷಗಟ್ಟಲೆ ಹಾಕಿಕೊಂಡಿತ್ತು, 2025ರ ಆರಂಭದ ಹೊತ್ತಿಗೆ ತೆಗೆಯಿತು. ದಾರಿಯನ್ನು ತಾನೇ ತೋರಿಸಿದವರು ‘ನೀವು ಒಪ್ಪಂದ ಮುರಿದಿರಿ’ ಎಂದು ದೂರುವುದು ಕಷ್ಟ. ಸಪೋರ್ಟ್ ಇಲ್ಲದ ಯಂತ್ರದ ಬಗ್ಗೆ ಅವರ ಎಚ್ಚರಿಕೆಯ ಧಾಟಿಯೂ ಹಾಗೇ ಇದೆ: ಅಪ್‌ಡೇಟ್ ಸಿಗುವ ಹಕ್ಕು ನಿಮಗಿಲ್ಲ, ಇದರಿಂದ ಯಂತ್ರ ಕೆಟ್ಟರೆ ವಾರಂಟಿ ಸಿಗದು. ನಷ್ಟ ನಿಮ್ಮ ಮೇಲೆ ಎನ್ನುತ್ತಾರೆಯೇ ಹೊರತು ಅಪರಾಧ ಎನ್ನುವುದಿಲ್ಲ.

ಆ್ಯಪಲ್ ಧಾಟಿ ಬೇರೆ. ಆ್ಯಪಲ್ ಬ್ರ್ಯಾಂಡಿನ ಕಂಪ್ಯೂಟರಿನಲ್ಲಿ ಮಾತ್ರ ಹಾಕತಕ್ಕದ್ದು, ಬೇರೆ ಕಂಪ್ಯೂಟರಿನಲ್ಲಿ ನೀವೂ ಹಾಕಬಾರದು, ಇನ್ನೊಬ್ಬರಿಗೆ ಹಾಕಲು ನೆರವೂ ಆಗಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಅದೇ ಒಪ್ಪಂದ ನಿಮ್ಮದೇ ಮ್ಯಾಕ್‌ನೊಳಗೆ ಇನ್ನೂ ಎರಡು ಪ್ರತಿಗಳನ್ನು ವರ್ಚುವಲ್ ಮಷಿನ್ ಆಗಿ (ಕಂಪ್ಯೂಟರಿನೊಳಗಿನ ಕಂಪ್ಯೂಟರಾಗಿ) ಓಡಿಸಲು ಬಿಡುತ್ತದೆ. ಸಾಫ್ಟ್‌ವೇರ್ ಅಭಿವೃದ್ಧಿ, ಪರೀಕ್ಷೆ, ವಾಣಿಜ್ಯೇತರ ಸ್ವಂತ ಬಳಕೆ ಇವಕ್ಕೆ ಅದು ಸಲ್ಲುತ್ತದೆ. ಮ್ಯಾಕ್ ಕೊಳ್ಳಲಾಗದೆ ಐಫೋನ್ ಆ್ಯಪ್ ಕಟ್ಟಬೇಕಾದವರಿಗೆ ಬಾಡಿಗೆಯ ದಾರಿಯೂ ಇದೆ. ಅಮೆಜಾನ್ ಕ್ಲೌಡ್‌ನಲ್ಲಿ ನಿಜವಾದ ಮ್ಯಾಕ್ ಸಿಗುತ್ತದೆ, ಆದರೆ ಕನಿಷ್ಠ 24 ಗಂಟೆ ಹಿಡಿಯಲೇಬೇಕು. ಆ 24 ಗಂಟೆ ಬಂದದ್ದೂ ಆ್ಯಪಲ್ ಒಪ್ಪಂದದಿಂದಲೇ.

ಹೆಜ್ಜೆ 4: ಪ್ರತಿ ಎಲ್ಲಿಂದ ತಂದಿರಿ

ವಿಂಡೋಸ್ ಐಎಸ್‌ಓ ಫೈಲನ್ನು (ಇನ್‌ಸ್ಟಾಲ್ ಮಾಡಲು ಬೇಕಾದ ಪೂರ್ತಿ ಪ್ರತಿ) ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ, ಅಲ್ಲೇ ಕೊಟ್ಟಿರುವ ಶಾ-256 ಮೊತ್ತದ (ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಜೊತೆ ಹೋಲಿಸಿ. ಮ್ಯಾಕ್‌ಓಎಸ್ ಅನ್ನು ಆ್ಯಪ್ ಸ್ಟೋರ್ ಅಥವಾ ಆ್ಯಪಲ್ ಸರ್ವರ್‌ನಿಂದ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ‘ಲೈಟ್’, ‘ಗೇಮಿಂಗ್’ ಆವೃತ್ತಿಗಳನ್ನು ಮುಟ್ಟಬೇಡಿ. ಬದಲಾಯಿಸಿದ ಪೂರ್ತಿ ಓಎಸ್ ಅನ್ನು ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ, ಅದರೊಳಗೆ ಇನ್ನೇನು ತುಂಬಿದ್ದಾರೋ ಅದು ಬೇರೆ. ವಿಂಡೋಸ್ 11 ಅನ್ನು ಕತ್ತರಿಸಿ ಚಿಕ್ಕದು ಮಾಡಿದ ಟೈನಿ11ರ ಉದಾಹರಣೆ ಇಲ್ಲಿ ಉಪಯುಕ್ತ. ಅದರದು ತಯಾರಾದ ಐಎಸ್‌ಓ ಕೂಡ ಸಿಗುತ್ತದೆ, ನಿಮ್ಮ ಕೈಯಲ್ಲಿರುವ ಅಸಲಿ ಐಎಸ್‌ಓ ಮೇಲೆ ಓಡಿಸುವ ಸ್ಕ್ರಿಪ್ಟ್ ಕೂಡ ಸಿಗುತ್ತದೆ. ಮೊದಲನೆಯದರಲ್ಲಿ ಮೈಕ್ರೋಸಾಫ್ಟ್‌ನ ಕೃತಿ ಕೈಯಿಂದ ಕೈಗೆ ಹೋಗುತ್ತದೆ, ಎರಡನೆಯದರಲ್ಲಿ ಬರೀ ಸೂಚನೆಗಳು ಹೋಗುತ್ತವೆ. ಐಎಸ್‌ಓದಿಂದ ಪೆನ್‌ಡ್ರೈವ್ ತಯಾರಿಸುವ ರೂಫಸ್ ಕೂಡ ಇದೇ ಎರಡನೆಯ ಸಾಲಿನದು.

ಹೆಜ್ಜೆ 5: ದಾಟುತ್ತಿರುವುದು ಬೇಲಿಯೋ ಬೀಗವೋ

ವಿಂಡೋಸ್ ಸೆಟಪ್ ಟಿಪಿಎಂ ಇದೆಯೇ ಎಂದು ಕೇಳುವುದು ಹೊಂದಾಣಿಕೆಯ ತಪಾಸಣೆ, ಅಂದರೆ ಬರೀ ಬೇಲಿ. ಪ್ರತಿ ಮಾಡುವುದನ್ನು ಅದು ತಡೆಯುವುದಿಲ್ಲ, ಆ್ಯಕ್ಟಿವೇಶನ್ ಅದರಾಚೆ ಬೇರೆಯೇ ನಡೆಯುತ್ತದೆ. ಮ್ಯಾಕ್‌ಓಎಸ್‌ನಲ್ಲಿರುವುದು ನಿಜವಾದ ಬೀಗ. ಫೈಂಡರ್, ಡಾಕ್‌ನಂಥ ಮುಖ್ಯ ಫೈಲುಗಳನ್ನು ಇಂಟೆಲ್ ಮ್ಯಾಕ್‌ಗಳಿಗಾಗಿ ಎನ್‌ಕ್ರಿಪ್ಟ್ ಮಾಡಿ, ಅದರ ಕೀಯನ್ನು ಮ್ಯಾಕ್‌ನೊಳಗಿನ ಎಸ್‌ಎಂಸಿ ಎಂಬ ಚಿಪ್‌ನಲ್ಲಿ ಇಡಲಾಗಿತ್ತು. ಅದನ್ನು ಕಾಯುವ ಕರ್ನಲ್ ಎಕ್ಸ್‌ಟೆನ್ಷನ್ (ಓಎಸ್‌ನ ತಿರುಳಿಗೆ ಜೋಡಿಸುವ ಭಾಗ) ಹೆಸರೇ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್’. ಹ್ಯಾಕಿಂಟಾಷ್‌ನಲ್ಲಿ (ಮ್ಯಾಕ್‌ಓಎಸ್ ಹಾಕಿದ, ಆ್ಯಪಲ್ಲಿನದಲ್ಲದ ಪಿಸಿ) ಬಳಸುವ ವರ್ಚುವಲ್‌ಎಸ್‌ಎಂಸಿ ಆ ಚಿಪ್ಪಿನ ವೇಷ ಹಾಕಿ ಕೀ ಒದಗಿಸುತ್ತದೆ.

ಸೈಸ್ಟಾರ್ ಕಂಪನಿ ಕೋರ್ಟಿನಲ್ಲಿ ಸೋತ ಕಾರಣಗಳಲ್ಲಿ ಈ ಬೀಗವೂ ಒಂದು. ಫ್ಲಾರಿಡಾದ ಈ ಸಣ್ಣ ಕಂಪನಿ 2008ರ ಏಪ್ರಿಲ್‌ನಿಂದ ಮ್ಯಾಕ್ ಓಎಸ್ ಎಕ್ಸ್ ಹಾಕಿದ ಪಿಸಿಗಳನ್ನು ಮಾರತೊಡಗಿತು. ಜುಲೈಯಲ್ಲಿ ಆ್ಯಪಲ್ ಕೋರ್ಟಿಗೆ ಹೋಯಿತು. ‘ಪ್ರತಿಯೊಂದು ಯಂತ್ರಕ್ಕೂ ದುಡ್ಡು ಕೊಟ್ಟು ಡಿವಿಡಿ ಕೊಂಡಿದ್ದೇವೆ, ಕೊಂಡ ವಸ್ತುವನ್ನು ಮಾರುವ ಹಕ್ಕು ನಮಗಿದೆ’ ಎಂಬುದು ಸೈಸ್ಟಾರ್ ವಾದ. ಆದರೆ ಯಂತ್ರಗಳಿಗೆ ಹೋಗಿದ್ದು ಆ ಡಿವಿಡಿಯಲ್ಲಿದ್ದ ಪ್ರತಿಯಲ್ಲ. ಒಂದು ಮ್ಯಾಕ್‌ನಲ್ಲಿ ಓಎಸ್ ಹಾಕಿ, ಅದರ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ತೆಗೆದು, ಬೂಟ್‌ಲೋಡರ್ ಮತ್ತು ಕರ್ನಲ್ ಎಕ್ಸ್‌ಟೆನ್ಷನ್‌ಗಳನ್ನು ಬದಲಿಸಿ, ಆ ಇಮೇಜನ್ನು ಎಲ್ಲದಕ್ಕೂ ಎರಕ ಹೊಯ್ಯುತ್ತಿದ್ದರು. ಡಿವಿಡಿ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. 2009ರ ನವೆಂಬರ್ 13ರಂದು ನ್ಯಾಯಾಧೀಶ ವಿಲಿಯಂ ಆಲ್ಸಪ್ ಅನಧಿಕೃತ ನಕಲು, ವಿತರಣೆ, ಮಾರ್ಪಾಡು ಮತ್ತು ಬೀಗ ಮುರಿದದ್ದು ನಾಲ್ಕೂ ಸಾಬೀತೆಂದರು. 2011ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಕೂಡ, ಆ್ಯಪಲ್ ಓಎಸ್ ಮಾರುವುದಿಲ್ಲ, ಲೈಸೆನ್ಸ್ ಕೊಡುತ್ತದೆ, ಯಾವ ಯಂತ್ರಕ್ಕೆಂದು ಹೇಳುವ ಹಕ್ಕು ಅದಕ್ಕಿದೆ ಎಂದಿತು.

2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್‌ಓಎಸ್ ಉಚಿತವಾದ ಮೇಲೆ ಹ್ಯಾಕಿಂಟಾಷ್ ಪಕ್ಷದ ವಾದ ಇನ್ನೂ ತೆಳುವಾಗಿದೆ. ಆಗ ಡಿವಿಡಿಗೆ ಕೊಟ್ಟ ದುಡ್ಡಿನ ಬಿಲ್ಲಾದರೂ ಇತ್ತು.

ಹೆಜ್ಜೆ 6: ಭಾರತದ ಕಾಯ್ದೆಯಲ್ಲಿ ನಿಮ್ಮ ಜಾಗ

1957ರ ಹಕ್ಕುಸ್ವಾಮ್ಯ ಕಾಯ್ದೆ ಬಳಕೆದಾರರಿಗೆ ಸಾಕಷ್ಟು ಉದಾರವಾಗಿಯೇ ಇದೆ. ಸೆಕ್ಷನ್ 52(1)(ಎಎ) ಪ್ರಕಾರ, ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಅದನ್ನು ಯಾವ ಉದ್ದೇಶಕ್ಕೆ ಕೊಡಲಾಗಿದೆಯೋ ಆ ಉದ್ದೇಶಕ್ಕೆ ಬಳಸಲು ನಕಲು, ಮಾರ್ಪಾಡು ಮಾಡಿಕೊಳ್ಳಬಹುದು. ಬ್ಯಾಕಪ್ ಪ್ರತಿಗೂ ಇಲ್ಲೇ ಅವಕಾಶ. 52(1)(ಎಡಿ) ಇನ್ನೂ ನೇರ: ಕಾನೂನುಬದ್ಧವಾಗಿ ಸ್ವಂತಕ್ಕೆ ಪಡೆದ ಪ್ರತಿಯಿಂದ, ವಾಣಿಜ್ಯೇತರ ಸ್ವಂತ ಬಳಕೆಗೆ ನಕಲು ಅಥವಾ ಮಾರ್ಪಾಡು ಮಾಡಿದರೆ ಅದು ಉಲ್ಲಂಘನೆಯಲ್ಲ.

ಅಸಲಿ ಲೈಸೆನ್ಸ್ ಇರುವ ವಿಂಡೋಸ್ ಅನ್ನು ಹಳೆಯ ಯಂತ್ರಕ್ಕೆ ಹಾಕುವವರು ಇದರ ನೆರಳಿನಲ್ಲಿ ನೆಮ್ಮದಿಯಾಗಿರಬಹುದು. ಹ್ಯಾಕಿಂಟಾಷ್‌ನವರು (ಎಎ) ನಂಬಿಕೊಂಡರೆ ‘ಕೊಟ್ಟ ಉದ್ದೇಶ’ ಎಂಬಲ್ಲಿ ಎಡವುತ್ತಾರೆ, ಏಕೆಂದರೆ ಕೊಟ್ಟದ್ದೇ ಆ್ಯಪಲ್ ಯಂತ್ರಕ್ಕೆ. (ಎಡಿ) ಅಡಿ ವಾದಕ್ಕೆ ಜಾಗವಿದೆ, ಆದರೆ ‘ಕಾನೂನುಬದ್ಧವಾಗಿ ಪಡೆದ ಪ್ರತಿ’ ಎಂದು ಮೊದಲು ತೋರಿಸಬೇಕು. ಸ್ವಂತ ಮ್ಯಾಕ್ ಇದ್ದು ಅದರಿಂದ ಇಳಿಸಿಕೊಂಡವರಿಗೂ ಟೊರೆಂಟ್‌ನಿಂದ ತಂದವರಿಗೂ ಇಲ್ಲಿ ಬಹಳ ಅಂತರ.

ಬೀಗದ ವಿಷಯಕ್ಕೆ 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 65ಎ ಇದೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ದಾಟಿದರೆ ಎರಡು ವರ್ಷದವರೆಗೆ ಸಜೆ, ದಂಡ. ‘ಉದ್ದೇಶದಿಂದ’ ಎಂಬ ಪದವೇ ನಮ್ಮ ಕಾಯ್ದೆಗೂ ಅಮೆರಿಕದ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯಾದ ಡಿಎಂಸಿಎಗೂ ಇರುವ ವ್ಯತ್ಯಾಸ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳನ್ನು ಒಳಗೊಂಡ ಒಂಬತ್ತನೇ ಸರ್ಕ್ಯೂಟ್‌ನಲ್ಲಿ (ಅಲ್ಲಿಯ ಮೇಲ್ಮನವಿ ಕೋರ್ಟೊಂದರ ವ್ಯಾಪ್ತಿ), ನಕಲು ಮಾಡುವ ಉದ್ದೇಶ ಇರಲಿ ಬಿಡಲಿ, ಬೀಗ ಮುರಿದದ್ದೇ ಒಂದು ತಪ್ಪು ಎಂದು 2010ರಲ್ಲೇ ತೀರ್ಪಾಗಿದೆ. ಪ್ರತಿ ಸಲಕ್ಕೆ 200ರಿಂದ 2,500 ಡಾಲರ್‌ವರೆಗೆ ಪರಿಹಾರ ಕೇಳಬಹುದು. ಫೋನ್ ಜೈಲ್‌ಬ್ರೇಕ್ ಮಾಡಲು (ಕಂಪನಿ ಹಾಕಿದ ನಿರ್ಬಂಧ ತೆಗೆಯಲು) ಅಲ್ಲಿ ವಿನಾಯಿತಿ ಇದೆ, ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಆ ವಿನಾಯಿತಿಯಲ್ಲಿ ಸೇರಿಲ್ಲ. ಬೇ ಏರಿಯಾದಲ್ಲಿ, ಸಿಯಾಟಲ್‌ನಲ್ಲಿ ಇರುವ ನಮ್ಮವರು ಇಲ್ಲಿಯ ಸ್ನೇಹಿತರ ಮಾತು ಕೇಳಿ ಹ್ಯಾಕಿಂಟಾಷ್ ಕಟ್ಟಬಾರದು.

ಪೈರಸಿ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಸೆಕ್ಷನ್ 63ಬಿ: ಏಳು ದಿನದಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವಾದರೆ ಕೋರ್ಟ್ ಸಜೆ ಬಿಟ್ಟು, 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಮನೆಗೂ ಅಂಗಡಿಗೂ ಇರುವ ಅಂತರವನ್ನು ಕಾಯ್ದೆಯೇ ಹೀಗೆ ಬರೆದಿಟ್ಟಿದೆ. ನಕಲು ಮಾಡಿ ಮಾರುವವರಿಗೆ ಸೆಕ್ಷನ್ 63. ಅದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ 20ರಂದು ಹೇಳಿದೆ.

ಹೆಜ್ಜೆ 7: ಹಾಕುವುದೆಂದಾದರೆ

*ವಿಂಡೋಸ್ 11.* ಮೊದಲು ಒಂದು ಅಡ್ಡಗೋಡೆ: 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಸೂಚನೆಗಳು ಇರಲೇಬೇಕು. ಕೋರ್ 2 ಡ್ಯುಯೊ ಕಾಲದ ಯಂತ್ರದಲ್ಲಿ ಯಾವ ರಿಜಿಸ್ಟ್ರಿ ಉಪಾಯವೂ ನಡೆಯದು, ಬೂಟೇ ಆಗುವುದಿಲ್ಲ. ಉಳಿದವರು ಬ್ಯಾಕಪ್ ತೆಗೆದು, ರೂಫಸ್‌ನಲ್ಲಿ ಟಿಪಿಎಂ ತಪಾಸಣೆ ತೆಗೆಯುವ ಗುರುತು ಹಾಕಿ ಪೆನ್‌ಡ್ರೈವ್ ಮಾಡಿ, ವಿಂಡೋಸ್ 10ರ ಒಳಗಿನಿಂದಲೇ ಸೆಟಪ್ ಓಡಿಸಿ. ಹೀಗೆ ಮಾಡಿದರೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳುವ ಅವಕಾಶ ಉಳಿಯುತ್ತದೆ. ಡಿಸ್ಕ್ ಒರೆಸಿ ಹೊಸದಾಗಿ ಹಾಕಿದರೆ ಉಳಿಯದು. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಈ ಯಂತ್ರಗಳಿಗೆ ತಾನಾಗಿ ಬರುವುದಿಲ್ಲ, ಇದೇ ಕೆಲಸ ಪ್ರತಿ ಸಲ ಮಾಡಬೇಕು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿತು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದವರಿಗೆ ಪುಕ್ಕಟೆ. ಕಾನೂನಿನ ದೃಷ್ಟಿಯಲ್ಲಿ ಇದಕ್ಕಿಂತ ಸ್ವಚ್ಛ ದಾರಿ ಇಲ್ಲ.

*ಹಳೆಯ ಮ್ಯಾಕ್‌ಗೆ ಹೊಸ ಮ್ಯಾಕ್‌ಓಎಸ್.* 2015ರ ಮ್ಯಾಕ್‌ಬುಕ್ ಪ್ರೊ, 2017ರ ಮ್ಯಾಕ್‌ಬುಕ್ ಏರ್ ಎರಡೂ ಮ್ಯಾಕ್‌ಓಎಸ್ ಮಾಂಟೆರಿ ಆವೃತ್ತಿಗೆ ನಿಂತವು. ಅದರಾಚೆ ಹೋಗಲು ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ, ಆ್ಯಪಲ್ಲಿನದಲ್ಲದ ತಂತ್ರಾಂಶ ಬೇಕು. ಯಂತ್ರ ಆ್ಯಪಲ್ಲಿನದೇ ಆದ್ದರಿಂದ ಒಪ್ಪಂದದ ದೊಡ್ಡ ಷರತ್ತು ಪಾಲನೆಯಾಯಿತು, ಓಎಸ್ ಕೂಡ ಆ್ಯಪಲ್ ಸರ್ವರ್‌ನಿಂದಲೇ ಇಳಿಯುತ್ತದೆ. ಅನುಮಾನ ಉಳಿಯುವ ಭಾಗವೆಂದರೆ, ಆ್ಯಪಲ್ ಹೊಸ ಓಎಸ್‌ನಿಂದ ತೆಗೆದುಹಾಕಿದ ಹಳೆಯ ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳನ್ನು ಪ್ಯಾಚರ್ ಮತ್ತೆ ಸಿಸ್ಟಂ ಒಳಗೆ ಸೇರಿಸುತ್ತದೆ. ಒಪ್ಪಂದ ಮಾರ್ಪಾಡನ್ನು ಒಪ್ಪುವುದಿಲ್ಲ. ಮನೆಯ ಯಂತ್ರಕ್ಕೆ ಇದು ಸಹಿಸಬಹುದಾದ ಅಪಾಯ, ಕಚೇರಿಯ ಯಂತ್ರಕ್ಕೆ ಬೇಡ. ಪ್ಯಾಚ್‌ಗಾಗಿ ಸಿಸ್ಟಂ ಫೈಲುಗಳು ಬದಲಾಗದಂತೆ ಕಾಯುವ ಎಸ್‌ಐಪಿ ರಕ್ಷಣೆ ಸಡಿಲಿಸಬೇಕಾಗುತ್ತದೆ ಎಂಬುದೂ ಒಂದು ಕಾರಣ. ಪ್ರತಿ ಅಪ್‌ಡೇಟ್ ನಂತರ ಆ ಡ್ರೈವರ್‌ಗಳನ್ನು ಸೇರಿಸುವ ರೂಟ್ ಪ್ಯಾಚ್ ಮತ್ತೆ ಹಾಕಬೇಕು. ಮರೆತರೆ ಪರದೆ ತೆವಳುತ್ತದೆ, ವೈಫೈ ಹೋಗುತ್ತದೆ, ಪ್ಯಾಚ್ ಇಳಿಸಲು ನೆಟ್ ಇರುವುದಿಲ್ಲ. ಆದ್ದರಿಂದ ಈಥರ್‌ನೆಟ್ ಅಡಾಪ್ಟರ್ ಒಂದು ಕೈಯಲ್ಲಿರಲಿ.

*ಪಿಸಿಗೆ ಮ್ಯಾಕ್‌ಓಎಸ್.* ಒಪ್ಪಂದಕ್ಕೆ ನೇರ ವಿರುದ್ಧ, ಅದರಲ್ಲಿ ಎರಡು ಮಾತಿಲ್ಲ. ಹಟ ಹಿಡಿದವರೂ ಒಂದು ಕೆಲಸವನ್ನಂತೂ ಮಾಡಬಾರದು: ಬೇರೊಬ್ಬರ ನಿಜವಾದ ಮ್ಯಾಕ್‌ನ ಸೀರಿಯಲ್ ನಂಬರ್ ಹಾಕಿ ಐಮೆಸೇಜ್‌ಗೆ ಲಾಗಿನ್ ಆಗುವುದು. ಅದು ಇನ್ನೊಬ್ಬರ ಯಂತ್ರದ ಗುರುತು ಕದ್ದಂತೆ. ಈ ದಾರಿಗೆ ಆಯಸ್ಸೂ ಹೆಚ್ಚಿಲ್ಲ. ಇಂಟೆಲ್‌ನಲ್ಲಿ ಓಡುವ ಕೊನೆಯ ಮ್ಯಾಕ್‌ಓಎಸ್ 2025ರ ತಾಹೋ ಎಂದು ಆ್ಯಪಲ್ ಘೋಷಿಸಿದೆ.

*ಲಿನಕ್ಸ್, ಕ್ರೋಮ್‌ಓಎಸ್ ಫ್ಲೆಕ್ಸ್.* ಲಿನಕ್ಸ್ ಕರ್ನಲ್ಲಿನ ಲೈಸೆನ್ಸ್ ಆದ ಜಿಪಿಎಲ್ ಯಾವ ಯಂತ್ರದಲ್ಲಿ ಓಡಿಸಬೇಕೆಂದು ಕೇಳುವುದೇ ಇಲ್ಲ. ಗೂಗಲ್‌ನ ಓಎಸ್ ಆದ ಫ್ಲೆಕ್ಸ್‌ಗೆ 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಸಾಕು. ಗೂಗಲ್ ಪಟ್ಟಿಯಲ್ಲಿಲ್ಲದ ಮಾಡೆಲ್‌ಗೂ ಹಾಕಬಹುದು, ಓಡುತ್ತದೆಂಬ ಭರವಸೆ ಮಾತ್ರ ಇಲ್ಲ. ಆ್ಯಪಲ್ಲಿನದೇ ಎಂ1, ಎಂ2 ಚಿಪ್ ಇರುವ ಮ್ಯಾಕ್‌ಗಳಿಗೆ ಬರುವ ಅಸಾಹಿ ಲಿನಕ್ಸ್ ಕಾನೂನನ್ನು ಹೇಗೆ ಗೌರವಿಸಬಹುದೆಂಬುದಕ್ಕೆ ಒಳ್ಳೆಯ ಮಾದರಿ. ಬೇಕಾದ ಫರ್ಮ್‌ವೇರನ್ನು (ಹಾರ್ಡ್‌ವೇರ್ ನಡೆಸುವ ಆ್ಯಪಲ್ ತಂತ್ರಾಂಶ) ಅವರು ತಾವೇ ಹಂಚುವುದಿಲ್ಲ, ಇನ್‌ಸ್ಟಾಲರ್ ಅದನ್ನು ನಿಮ್ಮ ಯಂತ್ರದಲ್ಲೇ, ಆ್ಯಪಲ್ ಸರ್ವರ್‌ನಿಂದ ಬಂದ ಪ್ಯಾಕೇಜಿನಿಂದ ತೆಗೆಯುತ್ತದೆ. ಬೀಗವನ್ನೂ ಮುರಿಯುವುದಿಲ್ಲ, ಬೇರೆ ಕರ್ನಲ್ ಬೂಟ್ ಮಾಡುವ ಆಯ್ಕೆಯನ್ನು ಆ್ಯಪಲ್ಲೇ ಇಟ್ಟಿದೆ.

ಹೆಜ್ಜೆ 8: ಅಂಗಡಿ, ಸರ್ವಿಸ್ ಸೆಂಟರ್, ಕಚೇರಿ ನಡೆಸುವವರಿಗೆ

ಹ್ಯಾಕಿಂಟಾಷ್ ಮಾರಬೇಡಿ, ಹಾಕಿಕೊಡುವ ಸೇವೆಗೂ ದುಡ್ಡು ತೆಗೆದುಕೊಳ್ಳಬೇಡಿ. ಸೈಸ್ಟಾರ್ ಸಿಕ್ಕಿಬಿದ್ದದ್ದು ಮಾರಿದ್ದರಿಂದ. ಗ್ರಾಹಕರ ಹಳೆಯ ಯಂತ್ರಕ್ಕೆ ಓಎಸ್ ಹಾಕಿಕೊಡುವಾಗ ಒಂದೇ ಇಮೇಜ್ ಎಲ್ಲರಿಗೂ ಕ್ಲೋನ್ ಮಾಡುವ ಅಭ್ಯಾಸ ಇದ್ದರೆ, ಸೈಸ್ಟಾರ್ ಮಾಡಿದ್ದೂ ಅದನ್ನೇ ಎಂದು ನೆನಪಿರಲಿ.

ಸೆಕ್ಷನ್ 65ಎಯ ಎರಡನೇ ಉಪವಿಭಾಗದಲ್ಲಿ ಅಂಗಡಿಯವರಿಗೆಂದೇ ಬರೆದಂಥ ಒಂದು ಷರತ್ತಿದೆ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ತಾಂತ್ರಿಕ ರಕ್ಷಣೆ ದಾಟುವುದು ತಪ್ಪಲ್ಲ, ಆದರೆ ಇನ್ನೊಬ್ಬರಿಗಾಗಿ ಅದಕ್ಕೆ ನೆರವಾಗುವವರು ಅವರ ಹೆಸರು, ವಿಳಾಸ, ಉದ್ದೇಶ, ಗುರುತಿಸಲು ಬೇಕಾದ ಎಲ್ಲ ವಿವರಗಳ ಪೂರ್ತಿ ದಾಖಲೆ ಇಡಬೇಕು. ಇದಕ್ಕೊಂದು ಉದ್ದ ಪುಸ್ತಕ ಸಾಕು. ಕಾಲಂಗಳು ಹೀಗಿರಲಿ: ದಿನಾಂಕ, ಗ್ರಾಹಕರ ಹೆಸರು ಮತ್ತು ವಿಳಾಸ, ಗುರುತಿನ ಚೀಟಿಯ ಬಗೆ, ಯಂತ್ರದ ಮಾಡೆಲ್ ಮತ್ತು ಸೀರಿಯಲ್ ನಂಬರ್, ಮೊದಲಿದ್ದ ಓಎಸ್ ಮತ್ತು ಅದರ ಲೈಸೆನ್ಸ್ ಚಾನೆಲ್, ಈಗ ಹಾಕಿದ ಓಎಸ್, ಯಾವ ತಪಾಸಣೆ ದಾಟಲಾಯಿತು, ಏಕೆ, ಗ್ರಾಹಕರ ಸಹಿ. ಬಿಲ್ಲಿನ ಮೇಲೆ ‘ವಿಂಡೋಸ್ 11’ ಎಂದಷ್ಟೇ ಬರೆಯಬೇಡಿ. ‘ಗ್ರಾಹಕರ ಸ್ವಂತ ಲೈಸೆನ್ಸ್ ಬಳಸಿ ಇನ್‌ಸ್ಟಾಲೇಶನ್ ಸೇವೆ. ಈ ಯಂತ್ರ ತಯಾರಕರ ಸಪೋರ್ಟ್ ಪಟ್ಟಿಯಲ್ಲಿಲ್ಲ, ಅಪ್‌ಡೇಟ್ ಹಾಗೂ ವಾರಂಟಿ ಖಾತರಿ ಇಲ್ಲ’ ಎಂದು ಬರೆಯಿರಿ. ಓಎಸ್ ಮಾರಿದಂತೆ ಬಿಲ್ ಮಾಡಿದರೆ ಲೈಸೆನ್ಸ್ ಎಲ್ಲಿ ಎಂದು ನಾಳೆ ಗ್ರಾಹಕರೇ ಕೇಳುತ್ತಾರೆ.

ಕಚೇರಿಗಳಲ್ಲಿ ಪ್ರತಿ ಯಂತ್ರದ ಲೈಸೆನ್ಸ್ ಚಾನೆಲ್ ತೋರಿಸುವ ಪೆಟ್ಟಿಗೆಯ ಸ್ಕ್ರೀನ್‌ಶಾಟ್ ತೆಗೆದು, ಖರೀದಿಯ ಇನ್‌ವಾಯ್ಸ್ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಆಡಿಟ್ ನೋಟಿಸ್ ಬಂದಾಗ ಪ್ರೊಸೆಸರ್ ಯಾವ ತಲೆಮಾರಿನದೆಂದು ಯಾರೂ ಕೇಳುವುದಿಲ್ಲ. ಈ ಎರಡು ಕಾಗದಗಳನ್ನೇ ಕೇಳುತ್ತಾರೆ. ನೋಟಿಸಿಗೆ ನೀವಾಗಿ ಉತ್ತರ ಬರೆಯುವ ಮುನ್ನ ವಕೀಲರಿಗೆ ತೋರಿಸಿ.